ಮುಚ್ಚಿಟ್ಟ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಸೋರುತ್ತಿದ್ದರೆ ಮಾಡಬೇಕಾದದ್ದು

ಕಳೆದ ಮಳೆಗಾಲದ ಒಂದು ಸಂಜೆ, ಉಡುಪಿಯಲ್ಲಿ ಕೆಲಸ ಮುಗಿಸಿ, ಶೇಕಡಾ 80ರಷ್ಟು ಚಾರ್ಜ್ ಇದ್ದ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿದ್ದೆ. ಪಡುಬಿದ್ರಿ ದಾಟುವ ಹೊತ್ತಿಗೆ ತೊಡೆಯ ಮೇಲಿದ್ದ ಬ್ಯಾಗಿನ ತಳ ಬಿಸಿಯಾಗತೊಡಗಿತು. ಹೊರಗೆ ಜಡಿಮಳೆ ಸುರಿಯುತ್ತಿದ್ದುದರಿಂದ ಅದು ಬಿಸಿಲಿನ ಕಾವಲ್ಲ ಎಂಬುದು ಸ್ಪಷ್ಟವಿತ್ತು. ಮರುದಿನ ಬೆಳಿಗ್ಗೆ, ಅಂದರೆ ಮುಚ್ಚಿ 12 ಗಂಟೆಗಳ ನಂತರ, ತೆರೆದಾಗ ಉಳಿದದ್ದು 51. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಬ್ಯಾಟರಿಯೇ ಹೋಯಿತೆಂದು ತೀರ್ಮಾನಿಸಿ ಅಂಗಡಿಗೆ ಹೋಗುತ್ತಾರೆ. ಅದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ.

ಮೊದಲು ಲೆಕ್ಕ ಹಾಕಬೇಕು. ಮುಚ್ಚುವಾಗಿನ ಮತ್ತು ತೆರೆದಾಗಿನ ಚಾರ್ಜನ್ನು, ವೇಳೆಯೊಂದಿಗೆ, ಎರಡು ಮೂರು ರಾತ್ರಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಬ್ಯಾಟರಿ 50 ವ್ಯಾಟ್ ಅವರ್‌ನದು, ಅಂದರೆ 50 ವ್ಯಾಟನ್ನು ಒಂದು ಗಂಟೆ ಕೊಡಬಲ್ಲದ್ದು; ಅದರ ಶೇಕಡಾ 29 ಎಂದರೆ 14.5 ವ್ಯಾಟ್ ಅವರ್, ಅದನ್ನು 12 ಗಂಟೆಗೆ ಹಂಚಿದರೆ ಸುಮಾರು 1.2 ವ್ಯಾಟ್. ದೇವರ ಕೋಣೆಯಲ್ಲಿ ಹಾಕುವ ಅರ್ಧ ವ್ಯಾಟಿನ ಎರಡು ಎಲ್‌ಇಡಿ ಬಲ್ಬುಗಳು ರಾತ್ರಿಯಿಡೀ ಬ್ಯಾಗಿನೊಳಗೆ ಉರಿದ ಹಾಗಾಯಿತು. ಗಂಟೆಗೆ ಶೇಕಡಾ 1ಕ್ಕಿಂತ ಕಡಿಮೆ ಇಳಿಯುತ್ತಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 2ರ ಮೇಲೆ ಹೋದರೆ ಹುಡುಕಲೇಬೇಕು.

ಕಾರಣ ತಿಳಿಯಲು, ಮುಚ್ಚಳ ಹಾಕಿದಾಗ ಲ್ಯಾಪ್‌ಟಾಪ್ ಹೋಗುವ ನಿದ್ರೆಯಲ್ಲಿ, ಅಂದರೆ ಸ್ಲೀಪ್‌ನಲ್ಲಿ, ಎರಡು ಬಗೆ ಇದೆ ಎಂಬುದನ್ನು ಅರಿತಿರಬೇಕು. ಹಳೆಯ ಪದ್ಧತಿಯಾದ ಎಸ್3ಯಲ್ಲಿ, ತೆರೆದಿಟ್ಟ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ಗೆ ಬೇಕಾದಷ್ಟು ವಿದ್ಯುತ್ತನ್ನು ಮಾತ್ರ ಉಳಿಸಿ ಪ್ರೊಸೆಸರ್ ಸೇರಿದಂತೆ ಹೆಚ್ಚುಕಡಿಮೆ ಎಲ್ಲವನ್ನೂ ಆರಿಸಲಾಗುತ್ತದೆ. ಹೊಸ ಪದ್ಧತಿಯಾದ ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ಲ್ಯಾಪ್‌ಟಾಪ್ ಮೊಬೈಲಿನಂತೆ ಅರೆನಿದ್ರೆಯಲ್ಲಿರುತ್ತದೆ: ಪರದೆ ಕಪ್ಪಾದರೂ ವೈಫೈ, ಇಮೇಲ್, ಅಪ್‌ಡೇಟ್‌ಗಳಿಗಾಗಿ ಆಗಾಗ ಏಳುತ್ತದೆ. 2012ರಲ್ಲಿ ವಿಂಡೋಸ್ 8ರೊಂದಿಗೆ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಎಂಬ ಹೆಸರಿನಲ್ಲಿ ಬಂದದ್ದು ವಿಂಡೋಸ್ 10ರಲ್ಲಿ ಈ ರೂಪ ಪಡೆಯಿತು. ನಿಮ್ಮಲ್ಲಿ ಯಾವುದಿದೆ ಎಂದು ನೋಡಲು, ಆದೇಶಗಳನ್ನು ಟೈಪ್ ಮಾಡುವ ವಿಂಡೋಸಿನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಅಂಟಿಸಿ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಮತ್ತು ಎ ಅಕ್ಷರ ಹಾಕಿ ಎಂಟರ್ ಒತ್ತಿ. ಎಸ್0 ಲೋ ಪವರ್ ಐಡಲ್ ಲಭ್ಯವೆಂದು ಕಂಡರೆ ನಿಮ್ಮದು ಹೊಸ ಬಗೆ.

ಇನ್ನು ಕಳ್ಳನನ್ನು ಹಿಡಿಯುವ ಕೆಲಸ. ಅದೇ ಕಮಾಂಡಿನಲ್ಲಿ ಎ ಬದಲು ಸ್ಲೀಪ್‌ಸ್ಟಡಿ ಎಂದು, ನಡುವೆ ಜಾಗವಿಲ್ಲದೆ, ಬರೆದರೆ ಒಂದು ವರದಿ ತಯಾರಾಗುತ್ತದೆ. ಅದನ್ನು ಉಳಿಸಿದ ಫೋಲ್ಡರಿನ ವಿಳಾಸ ಕೆಳಗೆಯೇ ಕಾಣಿಸುತ್ತದೆ, ಬ್ರೌಸರಿನಲ್ಲಿ ತೆರೆಯಬಹುದು. ಕಳೆದ 3 ದಿನಗಳಲ್ಲಿ ಯಂತ್ರ ಎಷ್ಟು ಬಾರಿ ಮಲಗಿತು, ಪ್ರತಿ ಬಾರಿ ಎಷ್ಟು ಚಾರ್ಜ್ ತಿಂದಿತು ಎಂಬುದೆಲ್ಲ ಅದರಲ್ಲಿರುತ್ತದೆ. ಕೆಂಪು ಬಣ್ಣದ ಅವಧಿಯ ಮೇಲೆ ಕ್ಲಿಕ್ ಮಾಡಿದರೆ ಟಾಪ್ ಅಫೆಂಡರ್ಸ್ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ, ಓದಬೇಕಾದದ್ದು ಅದನ್ನೇ. ನನ್ನ ಬಸ್ಸಿನ ಪ್ರಯಾಣದ ಅವಧಿಯಲ್ಲಿ ಮೇಲಿದ್ದದ್ದು ಬ್ಲೂಟೂತ್. ಬ್ಯಾಗಿನಲ್ಲಿ ಬುತ್ತಿಗೂ ಕೊಡೆಗೂ ನಡುವೆ ಸಿಕ್ಕಿಕೊಂಡಿದ್ದ ಮೌಸನ್ನು ಆಫ್ ಮಾಡಲು ನಾನೇ ಮರೆತಿದ್ದೆ. ರಾತ್ರಿಯ ಅವಧಿಯಲ್ಲಿ ಕಂಡದ್ದು ವೈಫೈ ಕಾರ್ಡ್.

ಮೌಸಿನ ಸ್ವಿಚ್ ಆರಿಸುವುದು, ಯುಎಸ್‌ಬಿ ಡಾಂಗಲ್ ಮತ್ತು ಪೆನ್‌ಡ್ರೈವ್‌ಗಳನ್ನು ಕೀಳುವುದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ವೈಫೈ ಮೇಲಿನ ಸಂಶಯ ಪರೀಕ್ಷಿಸಲು ಒಂದು ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ ಮುಚ್ಚಿಡಿ; ಇಳಿತ ಅರ್ಧಕ್ಕಿಂತ ಕಡಿಮೆಯಾದರೆ, ತಯಾರಕರ ತಾಣದಿಂದ ವೈಫೈ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮತ್ತು ಬಯಾಸ್ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಮತ್ತೆ ನೋಡಿ. ವಿಂಡೋಸಿನ ಒಳ ಸೆಟ್ಟಿಂಗುಗಳ ಕಡತವಾದ ರಿಜಿಸ್ಟ್ರಿಯನ್ನು ತಿದ್ದಿ ಹಳೆಯ ಎಸ್3ಯನ್ನು ಮರಳಿ ತರುವ ಉಪಾಯವನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಯಂತ್ರದ ಈ ಮೂಲ ತಂತ್ರಾಂಶದಲ್ಲಿ ಎಸ್3 ಇಲ್ಲದಿದ್ದರೆ ಸ್ಲೀಪ್ ಎಂಬ ಆಯ್ಕೆಯೇ ಮಾಯವಾಗಿ, ಇದ್ದದ್ದೂ ಹೋದಂತಾಗುತ್ತದೆ.

ಬಸ್ಸು ರೈಲುಗಳಲ್ಲಿ ಓಡಾಡುವವರಿಗೆ ನನ್ನ ಸಲಹೆ ಹೈಬರ್ನೇಟ್. ಇದರಲ್ಲಿ ರ‍್ಯಾಮ್‌ನಲ್ಲಿದ್ದುದೆಲ್ಲ ಡಿಸ್ಕಿಗೆ ಬರೆಯಲ್ಪಟ್ಟು ಯಂತ್ರ ಪೂರ್ತಿ ಆರುತ್ತದೆ. ತೆರೆದಾಗ ಕೆಲಸ ಬಿಟ್ಟಲ್ಲಿಂದಲೇ ಸಿಗುತ್ತದೆ, ಏಳಲು ಮಾತ್ರ ಕೆಲವು ಸೆಕೆಂಡು ಹೆಚ್ಚು ಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಹಾಕಿದಾಗ ಏನಾಗಬೇಕೆಂಬ ಕಡೆ ಆನ್ ಬ್ಯಾಟರಿ ಅಂಕಣದಲ್ಲಿ ಹೈಬರ್ನೇಟ್ ಆಯ್ಕೆ ಮಾಡಿ, ಪ್ಲಗ್ಡ್ ಇನ್ ಅಂಕಣದಲ್ಲಿ ಸ್ಲೀಪನ್ನೇ ಉಳಿಸಿಕೊಳ್ಳಬಹುದು. ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ಮೊದಲಿನ ಕಮಾಂಡಿನ ಸ್ಲ್ಯಾಶ್ ನಂತರ ಹೈಬರ್ನೇಟ್ ಆನ್ ಎಂದು ಬರೆದು ಎಂಟರ್ ಒತ್ತಬೇಕು. ಮ್ಯಾಕ್ ಇರುವವರು ಬ್ಯಾಟರಿ ಸೆಟ್ಟಿಂಗಿನ ಆಪ್ಷನ್ಸ್‌ನಲ್ಲಿ ವೇಕ್ ಫಾರ್ ನೆಟ್‌ವರ್ಕ್ ಆಕ್ಸೆಸ್ ಎಂಬುದನ್ನು ಆಫ್ ಮಾಡಿದರೆ ಬಹುಮಟ್ಟಿಗೆ ಸಾಕು.

ಹೈಬರ್ನೇಟ್‌ನಲ್ಲೂ, ಶಟ್‌ಡೌನ್ ಮಾಡಿದರೂ ಚಾರ್ಜ್ ಇಳಿಯುತ್ತಿದ್ದರೆ, ಆರಿದ ಲ್ಯಾಪ್‌ಟಾಪಿನಿಂದ ಮೊಬೈಲ್ ಚಾರ್ಜ್ ಮಾಡಲು ಯುಎಸ್‌ಬಿ ಕಿಂಡಿಗೆ ವಿದ್ಯುತ್ ಕೊಡುವ ಸೌಲಭ್ಯ ಬಯಾಸ್‌ನಲ್ಲಿ ಆನ್ ಆಗಿದೆಯೇ ನೋಡಿ ಆಫ್ ಮಾಡಿ. ಅದೂ ಅಲ್ಲದಿದ್ದರೆ ಅದೇ ಕಮಾಂಡಿಗೆ ಬ್ಯಾಟರಿರಿಪೋರ್ಟ್ ಸೇರಿಸಿ ಮತ್ತೊಂದು ವರದಿ ತೆಗೆದು, ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನ ಸಾಮರ್ಥ್ಯ) ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗಿನ ಸಾಮರ್ಥ್ಯ) ಇವುಗಳನ್ನು ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಳಿದಿದ್ದರೆ ಅಂಗಡಿಗೆ ಹೋಗಲು ಈಗ ಕಾರಣವಿದೆ. ಹೋಗುವಾಗ ಆ ವರದಿಯ ಪ್ರತಿಯನ್ನೂ ಒಯ್ಯಿರಿ.