ಹಳೆ ವೋಚರ್ ಕಟ್ಟು ಬಿಚ್ಚಿದ ಮೇಲೆ ಬಂದ ಅನುದಾನ

ಪಂಚಾಯಿತಿಯವರು ನನ್ನನ್ನು ಕರೆಯುವಾಗ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಾರ್, ದುಡ್ಡು ಬರೋ ಹಾಗೆ ಒಂದು ಒಳ್ಳೆ ಪ್ರಸ್ತಾವನೆ ಬರೆದುಕೊಡಿ." ಲೆಕ್ಕ ಸಹಾಯಕನಾಗಿದ್ದು ನಿವೃತ್ತನಾದವನು ನಾನು. ಮನೆಯಲ್ಲಿ ಕೂತು ಬೇಜಾರು, ಹೋಗುತ್ತೇನೆ. ಹೋದ ಕೂಡಲೇ ಹಿಂದಿನ ಎರಡು ವರ್ಷದ ವೋಚರ್ ಕಟ್ಟು ಕೇಳುತ್ತೇನೆ. ಅಲ್ಲಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಖ ಸಪ್ಪಗಾಗುತ್ತದೆ. ಕಟ್ಟು ಬೀರುವಿನ ಮೇಲೆಲ್ಲೋ ಧೂಳು ಹಿಡಿದು ಬಿದ್ದಿರುತ್ತದೆ.

ನನಗೂ ಈ ಬುದ್ಧಿ ಮೊದಲಿನಿಂದ ಇರಲಿಲ್ಲ. ಬಣ್ಣದ ಫೋಟೋ ಹಚ್ಚಿ, ದಪ್ಪ ರಟ್ಟು ಹಾಕಿ ಅರ್ಜಿ ಕೊಟ್ಟರೆ ಮೇಲಿನವರು ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು, ಪಂಚಾಯಿತಿಗಳಿಗೆ ಕೇಂದ್ರದ ಅನುದಾನ ಎಷ್ಟು ಅಂತ ಶಿಫಾರಸು ಮಾಡುವ 15ನೇ ಹಣಕಾಸು ಆಯೋಗದ ಷರತ್ತು. ಹೋದ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ, ಇವೆರಡೂ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವಂತಿರಬೇಕು ಎಂದು ಆಯೋಗ ಹೇಳಿತ್ತು. ಮೊದಲೆರಡು ವರ್ಷ ರಾಜ್ಯದ ನಾಲ್ಕನೇ ಒಂದು ಭಾಗದ ಪಂಚಾಯಿತಿಗಳು ಮಾಡಿದ್ದರೂ ನಡೆಯುತ್ತಿತ್ತು. 2023-24ರಿಂದ ಲೆಕ್ಕ ಇಟ್ಟವರಿಗಷ್ಟೇ ಹಣ ಅಂತಾಯಿತು. ಅಕ್ಕಪಕ್ಕದವರ ನೆರಳಿನಲ್ಲಿ ದಾಟಿಕೊಳ್ಳುತ್ತಿದ್ದ ಪಂಚಾಯಿತಿಗಳಿಗೆ ಬಿಸಿ ಮುಟ್ಟಿದ್ದು ಆಗ.

ಆ ಹೊತ್ತಿಗೆ ಕರೆದ ಒಂದು ಪಂಚಾಯಿತಿಯ ಕಥೆ ಹೇಳುತ್ತೇನೆ. ಪಂಚಾಯಿತಿ ಲೆಕ್ಕ ಬರೆಯುವ ಆನ್‌ಲೈನ್ ತಾಣ ಇ-ಗ್ರಾಮ ಸ್ವರಾಜ್‌ನಲ್ಲಿ ದಿನದ ಪುಸ್ತಕ ಮುಚ್ಚದೆ ತಿಂಗಳ ಪುಸ್ತಕ ಮುಚ್ಚಲು ಬರುವುದಿಲ್ಲ, ತಿಂಗಳು ಮುಚ್ಚದೆ ವರ್ಷ ಮುಗಿಯುವುದಿಲ್ಲ. ಇವರದು ಏಳು ತಿಂಗಳಿಂದ ನಿಂತುಹೋಗಿತ್ತು. ನಗದು ಪುಸ್ತಕಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆ ಇಲ್ಲ. ಡಾಟಾ ಎಂಟ್ರಿ ಹುಡುಗಿ ದಿನಾ ತಾಳೆ ಹಾಕಿ ನೋಡಿ, ದಿನಾ ಬಿಟ್ಟಿದ್ದಳು. ಇಬ್ಬರೂ ಕೂತು ಸಾಲು ಸಾಲಾಗಿ ಪೆನ್ಸಿಲ್ ಗುರುತು ಹಾಕುತ್ತಾ ಹೋದೆವು. ಮೂರನೇ ದಿನ ಮಧ್ಯಾಹ್ನ ಸಿಕ್ಕಿತು. ಬ್ಯಾಂಕಿನವರು ಮೂರು ತಿಂಗಳಿಗೊಮ್ಮೆ ಹಾಕಿದ ಬಡ್ಡಿಯನ್ನು ಯಾರೂ ಜಮೆ ತೋರಿಸಿರಲಿಲ್ಲ. ಜುಜುಬಿ ಮೊತ್ತ. ಅದರ ಹಿಂದೆ ಲಕ್ಷಗಟ್ಟಲೆ ಹಣದ ಕಂತು ಸಿಕ್ಕಿಹಾಕಿಕೊಂಡಿತ್ತು. ಆ ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿ, "ಇಷ್ಟೇನಾ ಸಾರ್?" ಅಂದಳು. ಇಷ್ಟೇ.

ಆಮೇಲೆ ಆ ಪಂಚಾಯಿತಿಯಲ್ಲಿ ಒಂದು ರೂಢಿ ಮಾಡಿದೆವು. ಸಂಜೆ ಕಚೇರಿ ಬಾಗಿಲು ಹಾಕುವ ಮೊದಲು ದಿನದ ಪುಸ್ತಕ ಮುಚ್ಚುವುದು, ವ್ಯವಹಾರ ಇಲ್ಲದ ದಿನವೂ. ಐದು ನಿಮಿಷದ ಕೆಲಸ.

ಇನ್ನು ಗ್ರಾಮಸಭೆ. 15ನೇ ಆಯೋಗದ ಆ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು: ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ, ಸಂಬಳಕ್ಕೆ, ಕಚೇರಿ ಖರ್ಚಿಗೆ ಅದನ್ನೂ ಮುಟ್ಟುವಂತಿರಲಿಲ್ಲ. ಸಭೆಯಲ್ಲಿ ಇದನ್ನು ಹೇಳಿದರೆ ಯಾರಿಗೂ ಬೇಡ. ಎಲ್ಲರಿಗೂ ಸಿಸಿ (ಕಾಂಕ್ರೀಟ್) ರಸ್ತೆ ಬೇಕು, ಅದೂ ಅವರವರ ಮನೆ ಮುಂದೆ. ಸದಸ್ಯರೊಬ್ಬರು "ಕಾನೂನು ನಮಗೆ ಹೇಳಬೇಡ್ರೀ" ಅಂತ ಎದ್ದೇಬಿಟ್ಟರು. ಆಗ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ: "ನಲ್ಲಿ ಹಾಕ್ಸಿದ್ರಿ, ನೀರು ಮನೆಗೆ ಬತ್ತದೆ. ಹೋಗಾಕೆ ದಾರಿ ಎಲ್ಲೈತಪ್ಪ?"

ಮನೆಮನೆಗೆ ನಲ್ಲಿ ಹಾಕಿಸುವ ಜಲ ಜೀವನ್ ಮಿಷನ್ ಬಂದಮೇಲೆ ಬಹಳ ಊರುಗಳ ಪಾಡು ಇದೇ. ಬಚ್ಚಲ ನೀರು ಬೀದಿಗೆ ಹರಿದು, ಬೀದಿ ಕೆಸರಾಗಿ, ಜನ ಕೇಳುವುದು ರಸ್ತೆ. ಬೇಕಿರುವುದು ಚರಂಡಿ ಮತ್ತು ಇಂಗುಗುಂಡಿ. ಅದು ನೈರ್ಮಲ್ಯದ ಪಾಲಿನಲ್ಲೇ ಆಗುತ್ತಿತ್ತು. ಮನೆ ಹಿಂದಿನ ಬಚ್ಚಲುಗುಂಡಿಗಳನ್ನು ಆಗ ನರೇಗಾದಲ್ಲಿ ತೆಗೆದುಕೊಳ್ಳಬಹುದಿತ್ತು. ಹಾಗೆ ನಡವಳಿ ಬರೆಸಿದೆವು, ರಸ್ತೆಯ ಜಗಳ ತಾನಾಗಿ ಅರ್ಧಕ್ಕೆ ಇಳಿಯಿತು. ಎದ್ದು ನಿಂತಿದ್ದ ಸದಸ್ಯರೇ ಅನುಮೋದಕರಾಗಿ ಸಹಿ ಹಾಕಿದರು, ಅವರ ಬೀದಿಯೂ ಪಟ್ಟಿಯಲ್ಲಿತ್ತು ಬಿಡಿ.

ನಾನು ಜಾರಿಬಿದ್ದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ ಬೂದು ನೀರಿಗೂ, ಅಂದರೆ ಬಚ್ಚಲು-ಅಡುಗೆಮನೆಯ ಕೊಳೆ ನೀರಿಗೂ, ಹಣ ಇತ್ತು. ಐದು ಸಾವಿರದವರೆಗೆ ಜನಸಂಖ್ಯೆಯ ಊರಿಗೆ ತಲಾ 280 ರೂಪಾಯಿವರೆಗೆ, ಅದಕ್ಕಿಂತ ದೊಡ್ಡದಕ್ಕೆ 660. ನಮ್ಮ ಊರಿನ ಜನಸಂಖ್ಯೆ 1,800. ಗುಣಿಸಿದರೆ 5,04,000. ಖುಷಿಯಿಂದ ಕಡತ ಕಳಿಸಿದೆ. ತಿಂಗಳಾದ ಮೇಲೆ ಅದು ಒಂದೇ ಸಾಲಿನ ಷರಾ ಹೊತ್ತು ವಾಪಸ್ ಬಂತು: ಪಂಚಾಯಿತಿ ಪಾಲು ಯಾವ ಕ್ರಿಯಾ ಯೋಜನೆಯಲ್ಲಿದೆ?

ಈ ಮೊತ್ತದಲ್ಲಿ ಶೇ 30 ಪಂಚಾಯಿತಿ ತನ್ನ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಅಂದರೆ 1,51,200. ಮಾರ್ಗಸೂಚಿಯಲ್ಲಿ ಓದಿದ್ದೆ, ಆದರೆ ಕ್ರಿಯಾ ಯೋಜನೆಯಲ್ಲಿ ಆ ಮೊತ್ತವನ್ನು ಕಾಮಗಾರಿಯ ಹೆಸರು ಹಾಕಿ ಎತ್ತಿಟ್ಟಿರಲಿಲ್ಲ. ಯೋಜನೆ ಆಗಲೇ ಅಪ್‌ಲೋಡ್ ಆಗಿತ್ತು. ಪೂರಕ ಯೋಜನೆಗೆ ಮತ್ತೆ ಗ್ರಾಮಸಭೆ, ಮತ್ತೆ ನಡವಳಿ, ಮತ್ತೆ ಚಹಾ. ಒಂದು ಮಳೆಗಾಲ ಹೋಯಿತು. ಅಜ್ಜಿ ಎದುರು ಸಿಕ್ಕಾಗ ತಲೆ ತಗ್ಗಿಸಿ ಹೋಗಿದ್ದೇನೆ. ಅಂದಿನಿಂದ ಯಾವ ಸ್ಕೀಮಿನ ಕಾಗದ ಕೈಗೆ ಬಂದರೂ ಮೊದಲು ಹುಡುಕುವುದು "ನಮ್ಮ ಪಾಲು ಎಷ್ಟು, ಯಾವ ಖಾತೆಯಿಂದ" ಎನ್ನುವ ಸಾಲನ್ನು.

ಅದೇ ಯೋಜನೆಯ ಘನತ್ಯಾಜ್ಯದ ಲೆಕ್ಕವೂ ಹೀಗೇ ಇತ್ತು. ಸಣ್ಣ ಊರಿಗೆ ತಲಾ 60 ರೂಪಾಯಿ, 1,800 ಜನರಿಗೆ 1,08,000. ಶೆಡ್ಡೂ ಗಾಡಿಯೂ ಅದರಲ್ಲಿ ಬರುತ್ತಿರಲಿಲ್ಲ. ಪಂಚಾಯಿತಿಯ ಎಲ್ಲ ಊರುಗಳ ಪಾಲು ಒಟ್ಟುಗೂಡಿಸಿ ಒಂದೇ ಘಟಕ ಮಾಡುವುದೇ ಸರಿ. ಜಾಗದ ಪಹಣಿ ಕೈಗೆ ಬರುವ ಮೊದಲು ಎಸ್ಟಿಮೇಟ್ ಮಾಡಿಸಬೇಡಿ, ಜೆಇ (ಕಿರಿಯ ಎಂಜಿನಿಯರ್) ಎರಡನೇ ಸಲ ಬರುವುದು ಕಷ್ಟ.

2023ರಲ್ಲಿ ಇನ್ನೊಂದು ಪೇಚಾಟ. ಮೂವತ್ತು ತಿಂಗಳ ಅವಧಿ ಮುಗಿದು ಹೊಸ ಅಧ್ಯಕ್ಷರು ಬಂದರು. ಪಾವತಿಗೆ ಪಿಡಿಒ ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಡೋಂಗಲ್ ಎಂಬ ಪುಟ್ಟ ಯುಎಸ್‌ಬಿ ಕಡ್ಡಿಯಲ್ಲಿ. ಹಳೇ ಅಧ್ಯಕ್ಷರ ಡೋಂಗಲ್ ಸತ್ತಿತ್ತು, ಹೊಸಬರದು ಇನ್ನೂ ಹುಟ್ಟಿರಲಿಲ್ಲ. ಹೊಸ ಅಧ್ಯಕ್ಷೆಯ ಆಧಾರ್‌ನಲ್ಲಿ ಗಂಡನ ಹೆಸರು, ಪ್ಯಾನ್‌ನಲ್ಲಿ ತಂದೆಯ ಹೆಸರು. ಅದು ಸರಿಯಾಗಿ, ಡೋಂಗಲ್ ಬಂದು, ನೋಂದಣಿಗೆ ತಾಲ್ಲೂಕಿನಿಂದ ಒಪ್ಪಿಗೆ ಸಿಗುವಷ್ಟರಲ್ಲಿ ಆರು ವಾರ. ಅಷ್ಟು ದಿನ ನೀರಿನ ಮೋಟಾರ್ ರಿಪೇರಿ ಮಾಡಿದವನ ಬಿಲ್ ಕೊಡಲಾಗದೆ, ಅವನು ಬೈಕು ನಿಲ್ಲಿಸಿ ದಿನಾ ಕಚೇರಿ ಕಟ್ಟೆ ಮೇಲೆ ಕೂರುತ್ತಿದ್ದ. ಈಗ ಚುನಾವಣೆ ಫಲಿತಾಂಶ ಬಂದ ಮಾರನೇ ದಿನವೇ ದಾಖಲೆ ಕೇಳಿ ಅಂತ ಪಿಡಿಒಗಳಿಗೆ ಹೇಳುತ್ತೇನೆ. ಹಾರ ಹಾಕುವುದು ಆಮೇಲಾದರೂ ಆದೀತು.

ಕಾಮಗಾರಿ ಶುರುವಾದ ಮೇಲೆ ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕ, ಬಿಲ್, ಬಳಕೆ ಪ್ರಮಾಣಪತ್ರ ಇವೆಲ್ಲ ಗೊತ್ತಿದ್ದದ್ದೇ. ಕೈಕೊಡುವುದು ಫೋಟೋ. ಮೊದಲು, ನಡುವೆ, ಮುಗಿದ ಮೇಲೆ, ಮೂರೂ ಜಿಯೋಟ್ಯಾಗ್ ಆಗಿರಬೇಕು, ಅಂದರೆ ತೆಗೆದ ಜಾಗ ಫೋಟೋದಲ್ಲೇ ದಾಖಲಾಗಿರಬೇಕು. ಮೂರನ್ನೂ ಮೂರು ಜನ ಮೂರು ಕಡೆಯಿಂದ ತೆಗೆದರೆ ಒಂದೇ ಚರಂಡಿ ಮೂರು ಚರಂಡಿಯಂತೆ ಕಾಣುತ್ತದೆ, ಆಡಿಟ್‌ನವರು ಬಂದಾಗ ಉತ್ತರ ಹೇಳುವವರು ಯಾರು? ಅದಕ್ಕೆ ಕರೆಂಟ್ ಕಂಬವೊಂದನ್ನು ಗುರುತು ಮಾಡಿ, ಮೂರರಲ್ಲೂ ಆ ಕಂಬ ಎಡಗಡೆ ಇರಲಿ ಅಂತ ನೀರುಗಂಟಿಗೆ ಹೇಳಿಕೊಟ್ಟಿದ್ದೆ. ಚಾಚೂ ತಪ್ಪದೆ ಮಾಡಿದ. ಮೂರನೇ ಫೋಟೋ ಹೊತ್ತಿಗೆ ಕಂಬವನ್ನೇ ಕಿತ್ತು ರಸ್ತೆಯ ಆಚೆ ಬದಿಗೆ ನೆಟ್ಟಿದ್ದರು. ಅವನು ಆಚೆ ಬದಿಗೆ ಹೋಗಿ, ಕಂಬ ಎಡಗಡೆ ಬರುವ ಹಾಗೆ ನಿಂತು, ಫೋಟೋ ತೆಗೆದು ಕಳಿಸಿದ್ದ. ಅದರಲ್ಲಿ ಚರಂಡಿಯೇ ಇರಲಿಲ್ಲ.