ಹಿಮಯುಗಕ್ಕೆ ತಯಾರಿ: ಕಂಬಳಿ ಆಮೇಲೆ, ಕಣಜ ಮೊದಲು

ಭೂಮಿ ಬಿಸಿಯಾಗುತ್ತಿದೆ ಎಂದು ದಿನಾ ಓದುತ್ತೇವೆ. ಹಾಗಿರುವಾಗ ಹಿಮಯುಗದ ಮಾತು ಯಾಕೆ? ಯಾಕೆಂದರೆ ಕಳೆದ 8 ಲಕ್ಷ ವರ್ಷಗಳಲ್ಲಿ ಹೆಚ್ಚುಕಡಿಮೆ ಲಕ್ಷ ವರ್ಷಕ್ಕೊಮ್ಮೆ ಅದು ಬಂದು ಹೋಗಿದೆ. ಅಂಟಾರ್ಕ್ಟಿಕಾದಲ್ಲಿ 3 ಕಿ.ಮೀ.ಗೂ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ ಆ ಲೆಕ್ಕವೆಲ್ಲ ಪದರ ಪದರವಾಗಿ ಸಿಕ್ಕಿದೆ. ನಾವು ಈಗ ಇರುವುದು ಎರಡು ಹಿಮಯುಗಗಳ ನಡುವಿನ ಬಿಡುವಿನಲ್ಲಿ. ಈ ಬಿಡುವು ಶುರುವಾಗಿ 11,700 ವರ್ಷ ಆಯಿತು. ಬೇಸಾಯ, ಊರು, ಬರವಣಿಗೆ ಎಲ್ಲ ಹುಟ್ಟಿದ್ದು ಇದರೊಳಗೇ.

ಮುಂದಿನ ಹಿಮಯುಗ ಬಂದರೆ ಮನುಷ್ಯ ಉಳಿಯುತ್ತಾನಾ? ಉಳಿಯುತ್ತಾನೆ. ಕಲ್ಲಿನ ಹತ್ಯಾರು ಹಿಡಿದೇ ಒಮ್ಮೆ ದಾಟಿದವರ ಮಕ್ಕಳು ನಾವು. ಆದರೆ ಆಗ ಇಡೀ ಭೂಮಿಯ ಜನರನ್ನು ಇವತ್ತಿನ ಬೆಂಗಳೂರಿನಲ್ಲಿ ಕೂರಿಸಬಹುದಿತ್ತು. ಈಗ ನಾವು 800 ಕೋಟಿ ದಾಟಿದ್ದೇವೆ. ಕೆಲವರು ಉಳಿಯುವುದು ಸುಲಭ, ಎಲ್ಲರೂ ಉಳಿಯುವುದು ಕಷ್ಟ. ಅದಕ್ಕೇ ಈ ತಯಾರಿ.

ಹಂತ 1: ಮೊದಲು ಕ್ಯಾಲೆಂಡರ್ ನೋಡಿ

ಹಿಮಯುಗದ ವೇಳಾಪಟ್ಟಿಯನ್ನು ಕೈಲೆಕ್ಕದಲ್ಲಿ ಹಾಕಿದವರು ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್. 1914ರಲ್ಲಿ, ಮದುವೆಯಾದ ಹೊಸದರಲ್ಲೇ, ಆಸ್ಟ್ರಿಯಾ-ಹಂಗೇರಿಯವರು ಅವರನ್ನು ಶತ್ರು ದೇಶದವ ಎಂದು ಹಿಡಿದು ಒಳಗೆ ಹಾಕಿದರು. ಆಮೇಲೆ ಬುಡಾಪೆಸ್ಟ್‌ನಲ್ಲಿ ಇರಲು ಬಿಟ್ಟರು. ಮಹಾಯುದ್ಧದ ಆ ವರ್ಷಗಳನ್ನು ಈ ಮನುಷ್ಯ ಅಲ್ಲಿನ ವಿಜ್ಞಾನ ಅಕಾಡೆಮಿಯ ಲೈಬ್ರರಿಯಲ್ಲಿ ಲೆಕ್ಕ ಮಾಡುತ್ತಾ ಕಳೆದರು.

ಅವರ ಲೆಕ್ಕದಲ್ಲಿ ಮೂರು ಸಂಗತಿಗಳಿವೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸುಮಾರು ಲಕ್ಷ ವರ್ಷಕ್ಕೊಮ್ಮೆ ಉದ್ದವಾಗಿ, ಮತ್ತೆ ದುಂಡಗಾಗುತ್ತದೆ. ಭೂಮಿಯ ವಾಲುವಿಕೆ 41,000 ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಆಗುತ್ತದೆ. ಇನ್ನೊಂದು, ತಿರುಗುವ ಬುಗುರಿ ತೂಗಾಡುವಂತೆ ಭೂಮಿಯ ಅಕ್ಷವೂ ತೂಗಾಡುತ್ತದೆ. ಈ ಮೂರೂ ಸೇರಿ ಉತ್ತರದ ದೇಶಗಳ ಬೇಸಿಗೆಗೆ ಎಷ್ಟು ಬಿಸಿಲು ಸಿಗಬೇಕು ಎಂದು ತೀರ್ಮಾನಿಸುತ್ತವೆ.

ಬೇಸಿಗೆ ಎಂಬುದನ್ನು ಗಮನಿಸಿ. ಹಿಮಯುಗ ತರುವುದು ಕೊರೆಯುವ ಚಳಿಗಾಲ ಅಲ್ಲ, ತಣ್ಣನೆಯ ಬೇಸಿಗೆ. ಕೆನಡಾದಲ್ಲಿ ಚಳಿಗಾಲದಲ್ಲಿ ಹೇಗೂ ಹಿಮ ಬೀಳುತ್ತದೆ. ಬೇಸಿಗೆಯಲ್ಲಿ ಅದು ಪೂರ್ತಿ ಕರಗದಿದ್ದರೆ ಮುಂದಿನ ವರ್ಷದ ಹಿಮ ಅದರ ಮೇಲೇ ಕೂರುತ್ತದೆ. ಬಿಳಿ ನೆಲ ಬಿಸಿಲನ್ನು ವಾಪಸ್ ಕಳಿಸುತ್ತದೆ, ಚಳಿ ಇನ್ನೂ ಜಾಸ್ತಿ ಆಗುತ್ತದೆ. ಹೀಗೇ ಸಾವಿರಾರು ವರ್ಷ ಪೇರಿಸುತ್ತಾ ಹೋದರೆ 3 ಕಿ.ಮೀ. ದಪ್ಪದ ಹಾಸು.

ಮುಂದಿನ ಸರದಿ ಯಾವಾಗ? ಜರ್ಮನಿಯ ಪೋಟ್ಸ್‌ಡ್ಯಾಮ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ನಾವು ಹೊಗೆ ಬಿಡದಿದ್ದರೂ ಇನ್ನೂ ಸುಮಾರು 50,000 ವರ್ಷ ಬರುತ್ತಿರಲಿಲ್ಲ. ಬಿಟ್ಟಿರುವ ಹೊಗೆಗೆ ಇನ್ನೂ ಒಂದಷ್ಟು ಸೇರಿದರೆ ಅದು ಲಕ್ಷ ವರ್ಷದವರೆಗೂ ಮುಂದಕ್ಕೆ ಹೋಗಬಹುದು. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ 10 ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಹಾಗಾದರೆ ಕಲ್ಲಿದ್ದಲು ಸುಟ್ಟಿದ್ದು ಒಳ್ಳೆಯದೇ ಆಯ್ತಲ್ವಾ ಎಂದು ಕೇಳುವವರು ಇರುತ್ತಾರೆ. ಚಳಿ ಬರಲು ಇನ್ನೂ 50,000 ವರ್ಷ ಇದೆ, ಸೆಕೆ ಆಗಲೇ ಮನೆಯೊಳಗಿದೆ.

ಹಂತ 2: ನಿಮ್ಮ ಊರಿಗೆ ಏನು ಬರುತ್ತದೆ ತಿಳಿದುಕೊಳ್ಳಿ

ಕಳೆದ ಹಿಮಯುಗ ತುತ್ತತುದಿ ಮುಟ್ಟಿದ್ದು ಸುಮಾರು 20,000 ವರ್ಷದ ಹಿಂದೆ. ಆಗ ಭೂಮಿಯ ಸರಾಸರಿ ಉಷ್ಣತೆ ಈಗಿನದಕ್ಕಿಂತ 5-6 ಡಿಗ್ರಿ ಕಡಿಮೆ ಇತ್ತು, ಅಷ್ಟೇ. ಅಷ್ಟಕ್ಕೇ ಹೆಚ್ಚುಕಡಿಮೆ ಇಡೀ ಕೆನಡಾ ಹಿಮದಡಿ ಹೋಗಿತ್ತು. ಸ್ವೀಡನ್, ನಾರ್ವೆ, ಫಿನ್‌ಲೆಂಡ್, ಸ್ಕಾಟ್‌ಲೆಂಡ್‌ಗಳದ್ದೂ ಅದೇ ಕಥೆ. ನ್ಯೂಯಾರ್ಕ್ ಇರುವ ಜಾಗದವರೆಗೆ ಹಿಮ ಇಳಿದಿತ್ತು. ಅಲ್ಲಿನ ಸೆಂಟ್ರಲ್ ಪಾರ್ಕ್ ಬಂಡೆಗಳ ಮೇಲೆ ಹಿಮ ಉಜ್ಜಿದ ಗೀರುಗಳು ಇವತ್ತಿಗೂ ಕಾಣುತ್ತವೆ. ನೀರೆಲ್ಲ ಹಿಮವಾಗಿ ನೆಲದ ಮೇಲೆ ಕೂತಿದ್ದರಿಂದ ಸಮುದ್ರ ಸುಮಾರು 120 ಮೀಟರ್ ಕೆಳಗಿಳಿದಿತ್ತು. ತಮಿಳುನಾಡಿನಿಂದ ಶ್ರೀಲಂಕಾಕ್ಕೆ ನಡೆದೇ ಹೋಗಬಹುದಿತ್ತು. ಈಗಿನ ಬಂದರುಗಳೆಲ್ಲ ಆಗ ಕಡಲಿಲ್ಲದ ಒಳನಾಡು.

ಬೆಂಗಳೂರಿನಲ್ಲಿ ಹಿಮ ಬೀಳುತ್ತದೆ ಎಂದು ಖುಷಿಪಡಬೇಡಿ. ಹಿಮ ಬೀಳಲ್ಲ, ಮಳೆಯೂ ಸರಿಯಾಗಿ ಬೀಳಲ್ಲ. ಸಮುದ್ರ ತಣ್ಣಗಾದರೆ ಆವಿ ಕಡಿಮೆ, ಮುಂಗಾರು ಸೊರಗುತ್ತದೆ. ಇದಕ್ಕೆ ಸಾಕ್ಷಿ ಪಕ್ಕದ ನೀಲಗಿರಿಯಲ್ಲೇ ಇದೆ. ಅಲ್ಲಿನ ಜೌಗು ಕಣಿವೆಗಳಲ್ಲಿ ಕೊಳೆತ ಹುಲ್ಲು, ಬೇರು ಸಾವಿರಾರು ವರ್ಷದಿಂದ ಕಪ್ಪು ಮಣ್ಣಾಗಿ ಪೇರಿಕೊಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು ಆ ಮಣ್ಣಿನ ಇಂಗಾಲವನ್ನು ಅಳೆದು 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಮಯುಗದ ತುದಿಯಲ್ಲಿ ಅಲ್ಲಿ ಒಣ ಹವೆಗೆ ಒಗ್ಗುವ ಹುಲ್ಲೇ ಜಾಸ್ತಿ ಬೆಳೆದಿತ್ತು. ಅಂದರೆ ನಮ್ಮ ಪಾಲಿಗೆ ಹಿಮಯುಗ ಎಂದರೆ ಉದ್ದನೆಯ ಬರ.

ಹಂತ 3: ಮೈ ಬೆಚ್ಚಗಿಡಿ

ಇದು ಎಲ್ಲಕ್ಕಿಂತ ಸುಲಭದ ಹಂತ. ಸೈಬೀರಿಯಾದವರು ಸುಮಾರು 40,000 ವರ್ಷದ ಹಿಂದೆಯೇ ಮೂಳೆಯಲ್ಲಿ ಸೂಜಿ ಮಾಡುತ್ತಿದ್ದರು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ದಾರ ಪೋಣಿಸಲು ಕಣ್ಣು. ಈಗ ಹೊಲಿಗೆ ಡಬ್ಬಿಯಲ್ಲಿ ಇರುತ್ತದಲ್ಲ, ಆಕಾರ ಅದೇ. ಸುಮ್ನೆ ಚರ್ಮ ಹೊದ್ದುಕೊಂಡರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಮೈಗೆ ಅಂಟುವಂತೆ ಹೊಲಿದು, ಒಂದರ ಮೇಲೊಂದು ಹಾಕಿದರೆ ತಡೆಯುತ್ತದೆ. 30,000 ವರ್ಷದ ಹಿಂದೆಯೇ ಯಾನಾ ನದಿಯ ದಂಡೆಯಲ್ಲಿ, ಉತ್ತರ ಧ್ರುವ ವೃತ್ತದ ಒಳಗೆ, ಜನ ವಾಸವಾಗಿದ್ದರು. ನನ್ನ ಕೇಳಿದರೆ ಬೆಂಕಿಯ ನಂತರದ ದೊಡ್ಡ ಉಪಕರಣ ಈ ಸೂಜಿಯೇ.

ಈಗಿನ ಮಾದರಿ ಬೇಕಿದ್ದರೆ ರಷ್ಯಾದ ಯಾಕುಟ್ಸ್ಕ್ ನೋಡಿ. ಜನವರಿಯಲ್ಲಿ ಅಲ್ಲಿನ ಸರಾಸರಿಯೇ ಸೊನ್ನೆಗಿಂತ 38 ಡಿಗ್ರಿ ಹತ್ತಿರ ಕೆಳಗೆ. ಆದರೂ 3 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ನೆಲ ಸದಾ ಹೆಪ್ಪುಗಟ್ಟಿರುವುದರಿಂದ ಕಟ್ಟಡಗಳನ್ನು ಕಾಂಕ್ರೀಟ್ ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಇಲ್ಲದಿದ್ದರೆ ಮನೆಯ ಕಾವಿಗೆ ಅಡಿಯ ನೆಲ ಕರಗಿ ಮನೆಯೇ ಕುಸಿಯುತ್ತದೆ. ಬಿಸಿನೀರಿನ ಪೈಪುಗಳೂ ನೆಲದ ಮೇಲೆಯೇ ಹೋಗುತ್ತವೆ. ಸಂತೆಯಲ್ಲಿ ಮೀನು ಕಟ್ಟಿಗೆಯಂತೆ ಸೆಟೆದು ನಿಂತಿರುತ್ತದೆ, ಫ್ರಿಜ್ಜಿನ ಖರ್ಚಿಲ್ಲ. ಐಸ್‌ಲೆಂಡ್‌ನಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ಕಾವು ಬರುವುದು ನೆಲದಡಿಯ ಬಿಸಿನೀರಿನಿಂದ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ಮಳೆ ಕೈಕೊಟ್ಟರೆ ಲಿಂಗನಮಕ್ಕಿ ತುಂಬಲ್ಲ, ಶರಾವತಿಯ ಕರೆಂಟೂ ಇಲ್ಲ. ಅಣುವಿದ್ಯುತ್ತು, ಸೌರವಿದ್ಯುತ್ತು ನಡೆಯುತ್ತವೆ. ಹಿಮಯುಗದಲ್ಲಿ ಗಾಳಿಯ ತುಂಬ ದೂಳು ಇತ್ತು ಎಂದು ಅದೇ ಅಂಟಾರ್ಕ್ಟಿಕಾದ ಮಂಜುಗಡ್ಡೆ ಹೇಳುತ್ತದೆ. ಪಾವಗಡದ ಸೋಲಾರ್ ಫಲಕ ಒರೆಸಲು ಆಳು ಜಾಸ್ತಿ ಬೇಕಾಗುತ್ತದೆ.

ಹಂತ 4: ಕಣಜ ತುಂಬಿಸಿ

ಇಲ್ಲಿ ನಿಧಾನವಾಗಿ ಓದಿ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು, ಅದರ ಹೊಗೆ ಬಿಸಿಲಿಗೆ ಅಡ್ಡ ನಿಂತಿತು. ಮರುವರ್ಷ ಜಗತ್ತಿನ ಸರಾಸರಿ ಉಷ್ಣತೆ ಒಂದು ಡಿಗ್ರಿಯೂ ಇಳಿಯಲಿಲ್ಲ. ಆದರೂ ಅಮೆರಿಕದ ಈಶಾನ್ಯದಲ್ಲಿ ಜೂನ್‌ನಲ್ಲಿ ಹಿಮ ಬಿತ್ತು. ಯುರೋಪಿನಲ್ಲಿ ಬೆಳೆ ಹೋಯಿತು, ರೊಟ್ಟಿಗಾಗಿ ದಂಗೆ ಎದ್ದಿತು. ಜನ ಸತ್ತಿದ್ದು ಚಳಿಯಿಂದಲ್ಲ, ಹಸಿವಿನಿಂದ ಮತ್ತು ಅದರ ಬೆನ್ನಿಗೆ ಬಂದ ಕಾಯಿಲೆಯಿಂದ.

ಇವತ್ತು ಜಗತ್ತಿನ ಗೋದಾಮುಗಳಲ್ಲಿ ಇರುವ ಧಾನ್ಯ ಮೂರು-ನಾಲ್ಕು ತಿಂಗಳ ಬಳಕೆಗೆ ಸಾಕಾದೀತು. ಅದರಲ್ಲೂ ದೊಡ್ಡ ಪಾಲು ಚೀನಾದಲ್ಲಿದೆ. ಗೋಧಿ ಮಾರುವ ದೇಶಗಳಲ್ಲಿ ಮುಂದಿರುವ ಕೆನಡಾ ಹಿಮದಡಿ ಹೋದರೆ ಗೋಧಿ ಮಾತ್ರ ನಿಲ್ಲುವುದಿಲ್ಲ. ಪೊಟ್ಯಾಷ್ ಗೊಬ್ಬರ ಜಗತ್ತಿನಲ್ಲೇ ಅತಿ ಹೆಚ್ಚು ಬರುವುದು ಅಲ್ಲಿನ ಸಸ್ಕಾಚೆವಾನ್ ಗಣಿಗಳಿಂದ. ಭಾರತ ತನಗೆ ಬೇಕಾದ ಪೊಟ್ಯಾಷನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ತರಿಸುತ್ತದೆ. ಅಲ್ಲಿ ಹಿಮ ಕೂತರೆ ಮಂಡ್ಯದ ಕಬ್ಬಿನ ಗದ್ದೆಗೆ ಗೊಬ್ಬರ ಇಲ್ಲ.

ಏನು ಬಿತ್ತಬೇಕು ಎಂಬುದು ಮುಂದಿನ ಪ್ರಶ್ನೆ. ಕಳೆದ ಹಿಮಯುಗದಲ್ಲಿ ಇಂಗಾಲದ ಡೈಆಕ್ಸೈಡ್ 180-190 ಪಾಲಿಗೆ ಇಳಿದಿತ್ತು. ಗಿಡಕ್ಕೆ ಅದೇ ಊಟ. ಅಷ್ಟು ಕಡಿಮೆ ಆದರೆ ಭತ್ತ, ಗೋಧಿ, ಬೇಳೆಕಾಳು, ಆಲೂಗಡ್ಡೆ ಸೊರಗುತ್ತವೆ. ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಬೇರೆ ಜಾತಿಯವು. ಇವುಗಳ ಎಲೆಯೊಳಗೆ ಇಂಗಾಲವನ್ನು ಮೊದಲು ಒಟ್ಟುಮಾಡಿ ಆಮೇಲೆ ಬಳಸುವ ವ್ಯವಸ್ಥೆ ಇದೆ. ಹಾಗಾಗಿ ಗಾಳಿಯಲ್ಲಿ ಇಂಗಾಲ ಕಮ್ಮಿ ಇದ್ದರೂ, ನೀರು ಕಮ್ಮಿ ಇದ್ದರೂ ನಡೆಸುತ್ತವೆ. ನೀಲಗಿರಿಯ ಮಣ್ಣಿನಲ್ಲಿ ಸಿಕ್ಕ ಹುಲ್ಲೂ ಇದೇ ಗುಂಪಿನದು. ಅಂದರೆ ಮುದ್ದೆ, ರೊಟ್ಟಿ ತಿನ್ನುವವರು ಅನ್ನ ತಿನ್ನುವವರಿಗಿಂತ ಒಂದು ಹೆಜ್ಜೆ ಮುಂದೆ. ಇಬ್ಬನಿ ಗಡ್ಡೆಕಟ್ಟುವ ಊರಿನಲ್ಲಿ ರಾಗಿ ನಡೆಯಲ್ಲ ಎಂಬುದೂ ನೆನಪಿರಲಿ. ಅಲ್ಲಿಗೆ ಲಡಾಖಿನವರ ಬಾರ್ಲಿಯೇ ಸರಿ. ತರಕಾರಿಗೂ ಅವರೇ ಗುರುಗಳು: ದಕ್ಷಿಣಕ್ಕೆ ಮುಖ ಮಾಡಿ, ಮೂರು ಕಡೆ ದಪ್ಪ ಮಣ್ಣಿನ ಗೋಡೆ ಎಬ್ಬಿಸಿ, ಬಿಸಿಲಿನ ಕಡೆ ಪ್ಲಾಸ್ಟಿಕ್ ಹಾಳೆ ಎಳೆದು, ಹೊರಗೆ ನೀರು ಗಡ್ಡೆಕಟ್ಟಿದ್ದರೂ ಒಳಗೆ ಪಾಲಕ್ ಬೆಳೆಯುತ್ತಾರೆ.

ಕೂಡಿಡುವುದಕ್ಕೂ ರಾಗಿಯೇ ವಾಸಿ. ಕಾಳು ಸಣ್ಣದು, ಹುಳ ಹಿಡಿಯುವುದು ಕಡಿಮೆ. ನಮ್ಮ ಬಯಲುಸೀಮೆಯ ಹಿರಿಯರು ನೆಲದೊಳಗೆ ಹಗೇವು ತೋಡಿ, ಅದರಲ್ಲಿ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ತೆರೆದ ಕೂಡಲೇ ಒಳಗೆ ಇಳಿಯುವ ಹಾಗಿರಲಿಲ್ಲ. ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟು, ಆಮೇಲೆ ಇಳಿಯುತ್ತಿದ್ದರು. ಸರ್ಕಾರಿ ಗೋದಾಮಿನ ಹೊರಗೆ ನೆನೆಯುವ ಮೂಟೆಗಳನ್ನು ನೋಡಿದರೆ ಹಗೇವೇ ಮೇಲು ಅನಿಸುತ್ತದೆ.

ಬಿತ್ತನೆ ಬೀಜ ಬೇರೆಯಾಗಿಯೇ ಇಡಬೇಕು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಬೀಜ ಭಂಡಾರ 2008ರಲ್ಲಿ ತೆರೆಯಿತು. ಅದರಿಂದ ಮೊದಲ ಸಲ ಬೀಜ ವಾಪಸ್ ತೆಗೆದದ್ದು 2015ರಲ್ಲಿ, ಸಿರಿಯಾ ಯುದ್ಧದಲ್ಲಿ ಅಲೆಪ್ಪೊದ ಸಂಗ್ರಹ ಕೈತಪ್ಪಿದ ಮೇಲೆ. ತಳಿ ಹೆಚ್ಚಿದ್ದಷ್ಟೂ ದಾರಿ ಹೆಚ್ಚು. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಬೆರೆಸಿ ಇಂಡಾಫ್ ತಳಿಗಳನ್ನು ತಂದಾಗ ಇಳುವರಿ ಎಷ್ಟು ಏರಿತು ಎಂದು ಹಳಬರನ್ನು ಕೇಳಿ.

ಹಂತ 5: ಜಿಗಿತಕ್ಕೆ ಸಿದ್ಧರಾಗಿ

ಹಿಮ ನಿಧಾನವಾಗಿ ಬರುತ್ತದೆ, ಹವಾಮಾನ ಹಾಗಲ್ಲ. ಕಳೆದ ಹಿಮಯುಗದಲ್ಲಿ ಗ್ರೀನ್‌ಲೆಂಡ್‌ನ ಉಷ್ಣತೆ ಕೆಲವೇ ದಶಕಗಳಲ್ಲಿ 10 ಡಿಗ್ರಿಯಷ್ಟು ಏರಿದ್ದು ಒಂದೆರಡು ಸಲ ಅಲ್ಲ. ಅಜ್ಜ ಬಿತ್ತಿದ್ದು ಮೊಮ್ಮಗನಿಗೆ ಬೆಳೆಯದ ಕಾಲ ಅದು. ಹಿಮಯುಗದಲ್ಲಿ ಯಾರೂ ಬೇಸಾಯ ಶುರುಮಾಡದಿರಲು ಈ ಏರುಪೇರೂ ಒಂದು ಕಾರಣ ಎಂದು ಕೆಲವು ವಿದ್ವಾಂಸರ ವಾದ. ನನಗೂ ಅದು ಸರಿ ಕಾಣುತ್ತದೆ. ಆದ್ದರಿಂದ ಒಂದೇ ಬೆಳೆ ನಂಬಬೇಡಿ. ಒಂದೇ ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಗಳ ಅಕ್ಕಡಿ ಸಾಲು ಹಾಕುವ ಹಳೆಯ ರೂಢಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ಹೋದರೆ ಇನ್ನೊಂದು.

ದಿಢೀರ್ ಹೊಡೆತವನ್ನೂ ಜನ ತಾಳಿಕೊಂಡಿದ್ದಾರೆ. 74,000 ವರ್ಷದ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಸಿಡಿದಾಗ ಬೂದಿ ಆಂಧ್ರದ ಜ್ವಾಲಾಪುರಂವರೆಗೆ ಬಂದು ಬಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ ಅಲ್ಲಿ ಅಗೆಯಿತು. ಬೂದಿಯ ಕೆಳಗೂ ಕಲ್ಲಿನ ಹತ್ಯಾರು, ಮೇಲೂ ಹೆಚ್ಚುಕಡಿಮೆ ಅದೇ ಬಗೆಯ ಹತ್ಯಾರು.

ಹಂತ 6: ಬರುವವರಿಗೆ ಜಾಗ ಮಾಡಿ

ಕೆನಡಾ ಒಂದರಲ್ಲೇ 4 ಕೋಟಿ ಜನರಿದ್ದಾರೆ. ಅವರೆಲ್ಲ ದಕ್ಷಿಣಕ್ಕೆ ಬರಬೇಕು. ಹಿಂದೆ ಜನ ಪ್ರಾಣಿಗಳ ಬೆನ್ನುಹತ್ತಿ ನಡೆದರು, ಆಗ ವೀಸಾ ಇರಲಿಲ್ಲ. ಸಮುದ್ರ ಇಳಿದ ಕಡೆ ಹೊಸ ನೆಲ ಸಿಗುತ್ತದೆ, ಆಗ್ನೇಯ ಏಷ್ಯಾದಲ್ಲಂತೂ ದೊಡ್ಡ ಬಯಲೇ ಏಳುತ್ತದೆ. ಅದು ಯಾರದ್ದು ಎಂಬ ಜಗಳ ಮೊದಲೇ ಬಗೆಹರಿಸಿಕೊಂಡರೆ ಒಳ್ಳೆಯದು.

ಹಂತ 7: ಸಾಧ್ಯವಾದರೆ ತಡೆಯಿರಿ

ಇಷ್ಟೆಲ್ಲ ಪಾಡು ಪಡುವ ಬದಲು ಬರದಂತೆ ಮಾಡಬಹುದಾ? ಬಹುಶಃ ಮಾಡಬಹುದು. ವಿದ್ಯುತ್ ಉಪಕೇಂದ್ರಗಳ ಬ್ರೇಕರ್‌ಗಳಲ್ಲಿ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವಿದೆ. ತೂಕಕ್ಕೆ ತೂಕ ನೋಡಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ 20,000 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಈಗ ಅದು ಸೋರದಂತೆ ಕಾಯುತ್ತೇವೆ. ಉತ್ತರದ ಬೇಸಿಗೆಯಲ್ಲಿ ಹಿಮ ಕರಗದೆ ಉಳಿಯತೊಡಗಿದ ದಿನ ಅದನ್ನೇ ಬೇಕೆಂದು ಬಿಡಬೇಕಾದೀತು. ಬಿಡುವಾಗ ಸ್ವಲ್ಪ ಸ್ವಲ್ಪ ಬಿಡಿ. ಒಮ್ಮೆ ಗಾಳಿಗೆ ಸೇರಿದ್ದು ಸಾವಿರ ವರ್ಷದ ಲೆಕ್ಕದಲ್ಲಿ ಅಲ್ಲೇ ಇರುತ್ತದೆ, ಹೆಚ್ಚಾಯಿತು ಎಂದರೆ ವಾಪಸ್ ತೆಗೆಯುವ ಉಪಾಯ ಇಲ್ಲ. ಒಂದು ಕಂತು ಬಿಟ್ಟು, ಕೆಲವು ದಶಕ ಬೇಸಿಗೆಯ ಹಿಮ ಅಳೆದು ನೋಡಿ, ಆಮೇಲೆ ಮುಂದಿನ ಕಂತು.