ಗಿರಿ ಕುಂಕುಮದ ಕೆಂಪು ಹುಡುಕಿದ್ದು

ಅವ್ವನ ಇಳಕಲ್ ಸೀರೆಯ ಸೆರಗನ್ನು ನಾನು ಸ್ಕ್ಯಾನರ್ ಮೇಲೆ ಹಾಸಿದ್ದು ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ, ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದ ಹೊತ್ತಿನಲ್ಲಿ. ಒಂದು ಕವನ ಸಂಕಲನಕ್ಕೆ ಮುಖಪುಟ ಮಾಡಬೇಕಿತ್ತು. ಬರೆದವರು ನಮ್ಮ ಕಡೆಯ ಹೆಣ್ಣುಮಗಳು, ಹುನಗುಂದದ ಹತ್ತಿರದವರು. "ಸೆರಗಿನ ಕೆಂಪು ಬರಬೇಕು, ಮತ್ತೇನೂ ಬೇಡ" ಅಂದಿದ್ದರು. ಕಂಪ್ಯೂಟರಿನ ಮೇಲೆ ಕೆಂಪು ಚೆನ್ನಾಗಿಯೇ ಕಂಡಿತು. ಅಚ್ಚಾಗಿ, ಮ್ಯಾಟ್ ಲ್ಯಾಮಿನೇಷನ್, ಅಂದರೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಹೊದಿಕೆ, ಮುಗಿಸಿ ಬಂದಾಗ ಅದು ಟೊಮೆಟೊ ಬಣ್ಣಕ್ಕೆ ತಿರುಗಿತ್ತು. ಅವರು ಪ್ರತಿಯನ್ನು ಹಿಡಿದು ಬಾಗಿಲ ಬೆಳಕಿಗೆ ಹೋಗಿ ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. "ಇದು ನಮ್ಮ ಕೆಂಪಲ್ಲ ತಂಗಿ" ಅಂದರು.

ಆ ಮಾತು ನನ್ನನ್ನು ವರ್ಷಗಟ್ಟಲೆ ಬಿಡಲಿಲ್ಲ. ಇವತ್ತು ನಾನು ಇಷ್ಟಪಟ್ಟು ಇಟ್ಟುಕೊಂಡಿರುವ ಪುಸ್ತಕ, ತುಟಿಗೆ ಹಚ್ಚುವ ಬಣ್ಣ, ಉಡುವ ಬಟ್ಟೆ ಎಲ್ಲವೂ ಆ ಕೆಂಪನ್ನು ಹುಡುಕುತ್ತಾ ಹೋದಾಗ ಸಿಕ್ಕವು.

ನಮ್ಮೂರ ಕಡೆ ಮದುವೆಯ ಇಳಕಲ್ ಸೀರೆಯ ಬಣ್ಣಕ್ಕೆ ಗಿರಿ ಕುಂಕುಮ ಅನ್ನುತ್ತಾರೆ. ಬರೀ ಕೆಂಪು ಅಂದರೆ ಅಂಗಡಿಯವರು ದಾಳಿಂಬೆ ಕೆಂಪು ತೋರಿಸುತ್ತಾರೆ, ಅದು ಬೇರೆ. ಗಿರಿ ಕುಂಕುಮದಲ್ಲಿ ಹಣೆಯ ಮೇಲೆ ಒಂದು ದಿನ ಕಳೆದ ಕುಂಕುಮದ ಹಾಗೆ ಒಳಗೊಂದು ಕಪ್ಪು ಕೂತಿರುತ್ತದೆ. ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುಗಳನ್ನು, ಅಂದರೆ ಉದ್ದದ ಎಳೆಗಳನ್ನು, ಕೊಂಡಿ ಹಾಕಿ ಕೂಡಿಸುತ್ತಾರೆ. ನೇಯುವವರು ಆ ಕೊಂಡಿಗಳನ್ನು ಒಂದೊಂದಾಗಿ ಸಿಕ್ಕಿಸುವುದನ್ನು ಸಣ್ಣವಳಿದ್ದಾಗ ಮಗ್ಗದ ಪಕ್ಕದಲ್ಲಿ ಕೂತು ನೋಡಿದ್ದೇನೆ. ಕೆಂಪು ಸೆರಗಿನ ಮೇಲೆ ಬಿಳಿ ರೇಷ್ಮೆಯಲ್ಲಿ ಕೋಟೆಯ ತೆನೆ, ಜೋಳದ ತೆನೆ, ಹಣಿಗೆ. ತಲೆ ಬಾಚುವ ಹಣಿಗೆಯನ್ನು ಸೆರಗಿಗೆ ತಂದವರ ಕಣ್ಣು ಎಂಥದ್ದಿರಬೇಕು ಅಂತ ಈಗಲೂ ಅನ್ನಿಸುತ್ತದೆ.

ಮುಖಪುಟ ಯಾಕೆ ಕೆಟ್ಟಿತು ಅನ್ನುವುದು ಮೊದಲು ಗೊತ್ತಾಗಬೇಕಿತ್ತು. ರೇಷ್ಮೆ ಹೊಳೆಯುತ್ತದೆ, ಸ್ಕ್ಯಾನರಿನ ದೀಪ ಆ ಹೊಳಪಿಗೆ ಬಡಿದು ಬಣ್ಣ ತಿಳಿಯಾಗಿ ಬಂದಿತ್ತು. ನಮ್ಮ ಅಚ್ಚಿನಲ್ಲಿ ಬಣ್ಣವೆಲ್ಲ ನಾಲ್ಕು ಮಸಿಗಳ ಬೆರಕೆ: ಸಯಾನ್ ಅನ್ನುವ ನೀಲಿ, ಮಜೆಂಟಾ ಅನ್ನುವ ಕಡು ಗುಲಾಬಿ, ಹಳದಿ, ಕಪ್ಪು; ಪ್ರಮಾಣ ಶೇಕಡಾ ಲೆಕ್ಕದಲ್ಲಿ. ಸ್ಕ್ಯಾನನ್ನು ನಂಬಿ ನಾನು ಮಜೆಂಟಾ 100, ಹಳದಿ 100 ಕೊಟ್ಟೆ. ಆಫ್‌ಸೆಟ್ ಅಚ್ಚಿನಲ್ಲಿ ಹೊಸಬರೆಲ್ಲ ಕೊಡುವ ಕೆಂಪು ಅದು, ಬಿಸಿ ಕೆಂಪು, ಕಿತ್ತಳೆ ಕಡೆಗೆ ವಾಲುತ್ತದೆ. ಮ್ಯಾಟ್ ಲ್ಯಾಮಿನೇಷನ್ ಮೇಲೆ ಒಂದು ತೆಳು ಮಬ್ಬು ಎಳೆದು ಇದ್ದ ಆಳವನ್ನೂ ತೆಗೆಯಿತು. ಕಂಪ್ಯೂಟರಿನ ಪರದೆ ಬೆಳಕನ್ನು ಹೊರಗೆ ಬಿಡುತ್ತದೆ, ಮುಖಪುಟದ ದಪ್ಪ ಆರ್ಟ್ ಕಾರ್ಡು ಬಿದ್ದ ಬೆಳಕನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಮೆಷಿನ್ ಓಡಿಸುವ ಅಣ್ಣ ಪ್ರತಿ ಶೀಟನ್ನೂ ಕಿಟಕಿಗೆ ಒಯ್ದು ನೋಡುವುದನ್ನು ಎರಡು ವರ್ಷ ಕಂಡಿದ್ದೆ. ಅದು ಅವರ ಅಭ್ಯಾಸ ಅಂದುಕೊಂಡಿದ್ದೆನೇ ಹೊರತು ಯಾಕೆ ಅಂತ ಕೇಳಿರಲಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಅವೆನ್ಯೂ ರಸ್ತೆಗೆ. ಹಳೆಯ ಪುಸ್ತಕದ ರಾಶಿಯಲ್ಲಿ ಕೂತು ಕೆಂಪು ಮುಖಪುಟಗಳನ್ನೇ ಆರಿಸುತ್ತಿದ್ದೆ. ಕತೆ ಯಾವುದು, ಬರೆದವರು ಯಾರು ಅಂತ ಆಮೇಲೆ ನೋಡುತ್ತಿದ್ದೆ. 40 ರೂಪಾಯಿಗೆ ಸಿಕ್ಕ ಒಂದು ಹಳೆಯ ಕಾದಂಬರಿ ಇದೆ ನನ್ನ ಹತ್ತಿರ. ಎರಡೇ ಬಣ್ಣ, ಕೆಂಪು ಮತ್ತು ಕಪ್ಪು. ಹೆಂಗಸೊಬ್ಬಳು ಬೆನ್ನು ಮಾಡಿ ನಿಂತಿದ್ದಾಳೆ, ಜಡೆ ಕಪ್ಪು, ಸೀರೆ ಕೆಂಪು, ಕುಪ್ಪಸಕ್ಕೆ ಬಣ್ಣವೇ ಹಾಕಿಲ್ಲ, ಹಳದಿಗಟ್ಟಿದ ಕಾಗದವೇ ಕುಪ್ಪಸ. ಭೂತಗನ್ನಡಿ ಇಟ್ಟು ನೋಡಿದರೆ ಚುಕ್ಕಿಗಳಿಲ್ಲ. ಯಾರೋ ಒಬ್ಬರು ಕೆಂಪು ಮಸಿಯನ್ನು ಕಲಸಿ, ಬೇಕಾದ ಹದಕ್ಕೆ ತಂದು ಬ್ಲಾಕಿಗೆ ಹಚ್ಚಿದ್ದಾರೆ. ನಾಲ್ಕು ಬಣ್ಣದ ಅಚ್ಚಿನಲ್ಲಿ ತಿಳಿ ಕೆಂಪು ಬೇಕಾದರೆ ಚುಕ್ಕಿಗಳ ಗುಂಪು ಕಣ್ಣನ್ನು ನಂಬಿಸುತ್ತದೆ. ಇಲ್ಲಿ ನಂಬಿಸುವುದು ಇಲ್ಲ, ಇರುವುದೇ ಅದು. ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಚೆಂದದ ಮುಖಪುಟಗಳು ಹಣದ ಅಡಚಣೆಯಿಂದ ಎರಡೇ ಬಣ್ಣಕ್ಕೆ ಇಳಿದ ಆ ಕಾಲದವು. ಈಗಿನವರಲ್ಲಿ ಮುಖಪುಟ ಕಲಾವಿದ ಅಪಾರ ಅವರ ವಿನ್ಯಾಸಗಳನ್ನು ಹುಡುಕಿ ನೋಡುತ್ತೇನೆ. ಕನ್ನಡ ಅಕ್ಷರದ ದುಂಡನ್ನೇ ಚಿತ್ರ ಮಾಡುವ, ಖಾಲಿ ಜಾಗಕ್ಕೆ ಹೆದರದ ಧೈರ್ಯ ಅಲ್ಲಿದೆ.

ಅವೆನ್ಯೂ ರಸ್ತೆ ಇನ್ನೊಂದು ಪಾಠ ಕಲಿಸಿತು. ಬಿಸಿಲಿಗೆ ಬೆನ್ನು ಕೊಟ್ಟು ಕೂತ ಪುಸ್ತಕಗಳ ಬೆನ್ನೆಲ್ಲ ನೀಲಿಗಟ್ಟಿರುತ್ತವೆ. ಮುಂದಿನ ಪುಟದಲ್ಲಿ ಕೆಂಪು ಇದ್ದದ್ದು ಬೆನ್ನಿನಲ್ಲಿ ಮಾಯ. ಬಿಸಿಲಿಗೆ ಮೊದಲು ಸೋಲುವುದು ಮಜೆಂಟಾ, ಹಳದಿ. ಸಯಾನ್ ಮತ್ತು ಕಪ್ಪು ತಡೆಯುತ್ತವೆ. ಈಗ ನನ್ನ ಕೋಣೆಯಲ್ಲಿ ಪುಸ್ತಕದ ಗೂಡು ಕಿಟಕಿಯ ಎದುರಿಗಿಲ್ಲ.

ತುಟಿಯ ಬಣ್ಣದ ಕತೆ ಇಲ್ಲಿಂದಲೇ ಶುರು. ತಂಗಿಯ ನಿಶ್ಚಿತಾರ್ಥಕ್ಕೆ ಅವ್ವನ ಸೀರೆ ಉಡಬೇಕಿತ್ತು, ಅದಕ್ಕೊಪ್ಪುವ ಲಿಪ್‌ಸ್ಟಿಕ್ ಬೇಕಿತ್ತು. ಒಂದು ದೊಡ್ಡ ಅಂಗಡಿಯ ಹಳದಿ ದೀಪದ ಕೆಳಗೆ ಆರಿಸಿದೆ. ಹೊರಗೆ ಬಂದು ಮೊಬೈಲಿನಲ್ಲಿ ಮುಖ ನೋಡಿಕೊಂಡಾಗ ಎದುರಿಗಿದ್ದದ್ದು ಅದೇ ಟೊಮೆಟೊ. ಮುಖಪುಟದಲ್ಲಿ ಮಾಡಿದ ತಪ್ಪನ್ನೇ ಮುಖದಲ್ಲೂ ಮಾಡಿದ್ದೆ. ನನ್ನದು ಎಣ್ಣೆಗಪ್ಪು ಮೈಬಣ್ಣ. ಅದರ ಮೇಲೆ ಕಿತ್ತಳೆ ಕಡೆಯ ಕೆಂಪು ಬೇರೆಯೇ ನಿಲ್ಲುತ್ತದೆ, ನ್ಯೂಡ್ ಅಂತ ಮಾರುವ ತಿಳಿ ಬಣ್ಣಗಳು ಬೂದಿ ಹಚ್ಚಿದ ಹಾಗೆ ಕಾಣುತ್ತವೆ.

ಮನೆಗೆ ಬಂದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದತೊಡಗಿದೆ. ಸಿಐ 15850, ಸಿಐ 77491, ಸಿಐ 77891. ಇವು ಬಣ್ಣಗಳ ಅಂತಾರಾಷ್ಟ್ರೀಯ ಸಂಖ್ಯೆಗಳು. 77491 ಕೆಂಪು ಐರನ್ ಆಕ್ಸೈಡ್, ನಮ್ಮ ಕೆಮ್ಮಣ್ಣಿನ ಬಣ್ಣ ಕೊಡುವ ಅದೇ ವಸ್ತು. 77891 ಟೈಟಾನಿಯಂ ಡೈಆಕ್ಸೈಡ್, ಅಪ್ಪಟ ಬಿಳಿ. ನನ್ನ ಮುಖದ ಮೇಲೆ ಬೂದಿ ಕಾಣಿಸುವುದು ಇದು ಹೆಚ್ಚಾದಾಗ. 15850 ಯಾವುದು ಅಂತ ಹುಡುಕಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ಲಿಥಾಲ್ ರುಬೈನ್. ಅದರ ಕ್ಯಾಲ್ಸಿಯಂ ರೂಪವೇ ನಮ್ಮ ಆಫ್‌ಸೆಟ್ ಮೆಷಿನ್ನಿನ ಮಜೆಂಟಾ! ದಿನವೂ ಅಣ್ಣನ ಕೈಗೆ ಮೆತ್ತಿಕೊಳ್ಳುವ ಮಸಿಯ ಬಣ್ಣವೂ ತುಟಿಯ ಕೆಂಪೂ ಒಂದೇ ಮನೆತನ. ಲಿಪ್‌ಸ್ಟಿಕ್ಕಿಗೆ ಬಳಸುವುದನ್ನು ಸೀಸದಂಥ ಕಲ್ಮಶಗಳಿಗೆ ಬೇರೆಯಾಗಿ ಪರೀಕ್ಷೆ ಮಾಡಿರುತ್ತಾರೆ, ಮಸಿಯನ್ನು ಹಾಗೆ ಮಾಡುವುದಿಲ್ಲ. ಆದ್ದರಿಂದ ಯಾರೂ ಮಸಿಯ ಡಬ್ಬಿಯ ಹತ್ತಿರ ತುಟಿ ತರಬಾರದು. ಆದರೆ ನನಗೆ ಆ ದಿನ ಎರಡು ಲೋಕಗಳ ನಡುವೆ ಬಾಗಿಲು ತೆರೆಯಿತು. ಪ್ರೆಸ್ಸಿನಲ್ಲಿ ಬಣ್ಣ ಕೂಡಿಸುವ ಲೆಕ್ಕವನ್ನೇ ಮುಖಕ್ಕೂ ಹಾಕಬಹುದು.

ಒಂದು ಎಚ್ಚರ: ಆ ಪಟ್ಟಿ ಯಾವ ಬಣ್ಣ ಇದೆ ಅಂತ ಹೇಳುತ್ತದೆ, ಎಷ್ಟು ಇದೆ ಅಂತ ಹೇಳುವುದಿಲ್ಲ. ಒಂದೇ ಪಟ್ಟಿಯನ್ನು ಹತ್ತು ಛಾಯೆಗಳಿಗೂ ಅಚ್ಚು ಹಾಕುವುದುಂಟು. ಹಾಗಾಗಿ ಕೊನೆಗೆ ಕಣ್ಣೇ ನೋಡಬೇಕು. ನಾನು ಮಾಡುವುದು ಇಷ್ಟು. ಅವ್ವನ ಸೆರಗಿನ ಅಂಚಿನಿಂದ ಬಿದ್ದ ನಾಲ್ಕು ಎಳೆ ಕೆಂಪು ರೇಷ್ಮೆಯನ್ನು ಬಿಳಿ ಕಾರ್ಡಿಗೆ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟದ್ದನ್ನು ತುಟಿಗೆ ಹಚ್ಚುವುದಿಲ್ಲ, ಹತ್ತು ಜನ ಮುಟ್ಟಿರುತ್ತಾರೆ. ಬೆರಳ ತುದಿಯ ಮೆತ್ತಗಿನ ಭಾಗಕ್ಕೆ ಹಚ್ಚುತ್ತೇನೆ. ಮುಂಗೈಗಿಂತ ಅದರ ಬಣ್ಣ ತುಟಿಗೆ ಹತ್ತಿರ. ಹೊರಗೆ ರಸ್ತೆಗೆ ಬಂದು ನೆರಳಲ್ಲಿ ನಿಂತು, ಕಾಲು ಗಂಟೆ ಬಿಟ್ಟು ರೇಷ್ಮೆಯ ಎಳೆ ಪಕ್ಕಕ್ಕೆ ಹಿಡಿಯುತ್ತೇನೆ. ಕೆಲವು ಬಣ್ಣಗಳು ಹಚ್ಚಿದ ಮೇಲೆ ಗಾಢವಾಗುತ್ತವೆ, ಕಾಯದೆ ಗೊತ್ತಾಗುವುದಿಲ್ಲ. ಹೀಗೆ ಐದು ಅಂಗಡಿ ತಿರುಗಿ ಆರನೆಯದರಲ್ಲಿ, ಮಲ್ಲೇಶ್ವರದಲ್ಲಿ, ಇಟ್ಟಿಗೆಯ ಕಂದು ಬೆರೆತ ಒಂದು ಕಡುಗೆಂಪು ಸಿಕ್ಕಿತು. ನಿಶ್ಚಿತಾರ್ಥದ ಫೋಟೋದಲ್ಲಿ ಸೆರಗೂ ತುಟಿಯೂ ಒಂದೇ ಮಗ್ಗದಲ್ಲಿ ನೇಯ್ದ ಹಾಗಿದೆ.

ಕಣ್ಣಿಗೆ ಕಾಡಿಗೆ ಮಾತ್ರ, ಮತ್ತೇನೂ ಇಲ್ಲ. ಅಜ್ಜಿ ಹರಳೆಣ್ಣೆ ದೀಪದ ಮಸಿ ಹಿಡಿದು ತುಪ್ಪದಲ್ಲಿ ಕಲಸುತ್ತಿದ್ದಳು. ಆ ವಾಸನೆ ನನಗೆ ಇಷ್ಟ, ಆದರೆ ಕಣ್ಣಿನ ಡಾಕ್ಟರು ಬೇಡ ಅಂದ ಮೇಲೆ ಪೆನ್ಸಿಲ್ ಕಾಡಿಗೆಗೆ ಬಂದೆ. ಲ್ಯಾಕ್ಮೆ ಐಕಾನಿಕ್ ನನಗೆ ಒಗ್ಗಿದೆ, ಮುಖಪುಟದ ಕಪ್ಪು ಅಕ್ಷರದಷ್ಟೇ ಖಚಿತವಾದ ಗೆರೆ.

ಸನ್‌ಸ್ಕ್ರೀನ್ ವಿಷಯದಲ್ಲಿ ನಾನು ಹಟಮಾರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿರುತ್ತದೆ, ಚರ್ಮ ಸುಡುವುದು ಗೊತ್ತಾಗುವುದಿಲ್ಲ, ಮೋಡವಿದ್ದರೂ ಅತಿನೇರಳೆ ಕಿರಣ ಬಂದೇ ಬರುತ್ತದೆ. ಪುಸ್ತಕದ ಬೆನ್ನು ಕಂಡವಳಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಎಸ್‌ಪಿಎಫ್ 50 ಇರುವುದನ್ನು ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆ ಹಚ್ಚುತ್ತೇನೆ. ಬಿಳಿ ಪದರ ಉಳಿಯುವವು ನನಗೆ ಆಗುವುದಿಲ್ಲ. ಬಣ್ಣ ಬೆರೆಸಿದ ಟಿಂಟೆಡ್ ಬಗೆಯಲ್ಲಿ ಮತ್ತೆ ಅದೇ 77491 ಇರುತ್ತದೆ. ಕೆಮ್ಮಣ್ಣಿನ ಆ ಬಣ್ಣ ಮೈಬಣ್ಣಕ್ಕೆ ಬೆರೆಯುತ್ತದೆ, ಕಣ್ಣಿಗೆ ಕಾಣುವ ಬೆಳಕಿನಿಂದಾಗುವ ಕಪ್ಪು ಕಲೆಯನ್ನೂ ತಡೆಯುತ್ತದೆ. ಹೊಸದೇನೇ ತಂದರೂ ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ ಎರಡು ದಿನ ನೋಡುತ್ತೇನೆ.

ಸ್ನಾನಕ್ಕೆ ಮೈಸೂರು ಸ್ಯಾಂಡಲ್. ಹಸಿರು ಮಾರ್ಗದ ಮೆಟ್ರೋದಲ್ಲಿ ಆ ಕಾರ್ಖಾನೆಯ ಹೆಸರಿನದೇ ನಿಲ್ದಾಣ ಬಂದಾಗ ತಲೆ ಎತ್ತಿ ನೋಡುವುದು ನನ್ನ ರೂಢಿ. ಆನೆಯ ತಲೆ, ಸಿಂಹದ ಮೈಯ ಶರಭ ಇರುವ ಆ ಪೆಟ್ಟಿಗೆಯೂ ನನ್ನ ಕಣ್ಣಿಗೆ ಒಂದು ಮುಖಪುಟವೇ. ಖಾಲಿ ಪೆಟ್ಟಿಗೆಯನ್ನು ಅವ್ವನ ಹಾಗೆ ಸೀರೆಗಳ ನಡುವೆ ಇಡುತ್ತೇನೆ.

ಬಟ್ಟೆಯಲ್ಲಿ ನನ್ನ ದೊಡ್ಡ ಗಳಿಕೆ ಚಿಕ್ಕಪೇಟೆಯ ಒಳಗಲ್ಲಿಯಲ್ಲಿ ಸಿಕ್ಕ ಗುಳೇದಗುಡ್ಡದ ಖಣ. ನಮ್ಮ ಜಿಲ್ಲೆಯದೇ ಬಟ್ಟೆಯನ್ನು ಇಷ್ಟು ದೂರ ಬಂದು ಕಂಡೆ. ಹಾಸಿನಲ್ಲಿ ಒಂದು ಬಣ್ಣ, ಹೊಕ್ಕಿನಲ್ಲಿ, ಅಂದರೆ ಅಡ್ಡ ಎಳೆಯಲ್ಲಿ, ಇನ್ನೊಂದು ಇದ್ದದ್ದರಿಂದ ತಿರುಗಿಸಿದಂತೆ ಬಣ್ಣ ಬದಲಾಗುತ್ತಿತ್ತು. ಖಣದ ಅಗಲ ಕಮ್ಮಿ, ಕುಪ್ಪಸಕ್ಕೆಂದೇ ನೇಯ್ದದ್ದು. ಕುರ್ತಾ ಹೊಲಿಸುವ ಆಸೆ ಬಿಟ್ಟು ತೋಳಿಲ್ಲದ ಜಾಕೆಟ್ ಹೊಲಿಸಿದೆ, ಬಿಳಿ ಖಾದಿ ಕುರ್ತಾದ ಮೇಲೆ ಹಾಕಲು. ಕೆಂಪು ಬಟ್ಟೆ ಕೊಳ್ಳುವಾಗ ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಮೂಲೆಯಲ್ಲಿ ಉಜ್ಜಿ ನೋಡುತ್ತೇನೆ. ಕರ್ಚೀಫು ಕೆಂಪಾದರೆ ಅದನ್ನು ಬೇರೆ ಬಟ್ಟೆಯ ಜೊತೆ ಒಗೆಯುವ ಮಾತೇ ಇಲ್ಲ. ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಆ ಕವನ ಸಂಕಲನಕ್ಕೆ ಎರಡನೆಯ ಮುದ್ರಣ ಬಂತು. ಕೆಲಸ ನನಗೇ ಕೊಡಿ ಅಂತ ಕೇಳಿ ತೆಗೆದುಕೊಂಡೆ. ಈ ಸಲ ಸ್ಕ್ಯಾನರ್ ಮುಟ್ಟಲಿಲ್ಲ. ಬೇರೆ ಬೇರೆ ಪ್ರಮಾಣದ ಹನ್ನೆರಡು ಕೆಂಪು ಚೌಕಗಳನ್ನು ಅದೇ ಆರ್ಟ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಕೂಡ ಮಾಡಿಸಿ, ಬೆಳಗ್ಗೆ ಹತ್ತಕ್ಕೆ ಪ್ರೆಸ್ಸಿನ ತಾರಸಿಗೆ ಸೀರೆಯ ಜೊತೆ ಒಯ್ದೆ. ಮೆಷಿನ್ ಅಣ್ಣನೂ ಬಂದರು. ಹನ್ನೊಂದು ಚೌಕ ಬಿದ್ದುಹೋದವು. ಉಳಿದದ್ದು ಮಜೆಂಟಾ 100, ಹಳದಿ 80, ಸಯಾನ್ 20, ಕಪ್ಪು 15. ನೀಲಿಯ ಆ 20 ಇಲ್ಲದೆ ಕುಂಕುಮದ ಕಪ್ಪು ಬರುವುದಿಲ್ಲ ಅನ್ನುವುದು ಅವತ್ತು ಕಣ್ಣಿಗೆ ಬಿತ್ತು.

ಪುಸ್ತಕ ಡೆಮಿ 1/8, ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ. ಮುಖಪುಟದ ಕೆಳಗಿನ ಅರ್ಧ ಪೂರ್ತಿ ಕೆಂಪು, ಮೇಲಿನದು ಖಾಲಿ ಕೆನೆ ಬಣ್ಣ, ಎರಡೂ ಸೇರುವಲ್ಲಿ ಕೊಂಡಿಯ ಹಾಗೆ ಸಾಲಾಗಿ ಬಿಳಿ ಹಣಿಗೆ. ಪ್ರತಿಯನ್ನು ಕವಯಿತ್ರಿಯ ಕೈಗೆ ಕೊಟ್ಟಾಗ ಅವರು ಬಾಗಿಲ ಹತ್ತಿರ ಹೋಗಲಿಲ್ಲ. ಕೂತಲ್ಲೇ ಸೆರಗಿನ ತುದಿ ಎಳೆದು ಪುಸ್ತಕದ ಮೇಲಿಟ್ಟು, ಎಲ್ಲಿ ಬಟ್ಟೆ ಮುಗಿದು ಎಲ್ಲಿ ಕಾಗದ ಶುರುವಾಗುತ್ತದೆ ಅಂತ ಬೆರಳಿನಿಂದ ಸವರಿದರು.

ರೇಷ್ಮೆಯ ಹೊಳಪು ಮಾತ್ರ ಇನ್ನೂ ಬಂದಿಲ್ಲ. ಹಣಿಗೆಯ ಹಲ್ಲುಗಳ ಮೇಲಷ್ಟೇ ಸ್ಪಾಟ್ ಯುವಿ, ಅಂದರೆ ಬೇಕಾದಲ್ಲಿ ಮಾತ್ರ ಹಚ್ಚುವ ಹೊಳಪಿನ ವಾರ್ನಿಷ್, ಹಾಕಿಸಿ ನೋಡುವುದು ಮುಂದಿನ ಕೆಲಸ. ಅದಕ್ಕೆ ಬೇಕಾದ ಶೀಟುಗಳನ್ನು ಅಣ್ಣ ಎತ್ತಿಟ್ಟಿದ್ದಾರೆ, ಕಿಟಕಿಯಿಂದ ದೂರ, ಮುಖ ಕೆಳಗೆ ಮಾಡಿ.